ಮೂರು ತಿಂಗಳು ಕಟ್ಟಿದ ಕ್ರೋನೋಗ್ರಾಫ್: ಮುಳ್ಳು ಸೊನ್ನೆಗೆ ಸರಿಯಾಗಿ ಬರುತ್ತಿಲ್ಲ, ಇಟ್ಟುಕೊಳ್ಳಲಾ, ವಾಪಸ್ ಕಳಿಸಲಾ?

ಅರೆಸೆಕೆಂಡು:

ಎಲ್ಲರಿಗೂ ನಮಸ್ಕಾರ. ಇಷ್ಟು ದಿನ ಸುಮ್ನೆ ಓದಿಕೊಂಡು ಹೋಗುತ್ತಿದ್ದವನು ನಾನು. ಇವತ್ತು ಕೇಳುವ ಕಾಲ ಬಂದಿದೆ.

ಮೂರು ತಿಂಗಳ ಹಿಂದೆ ಒಂದು ಕ್ರೋನೋಗ್ರಾಫ್ ತಗೊಂಡೆ, ಅಂದರೆ ಸ್ಟಾಪ್‌ವಾಚ್ ಇರುವ ಕೈಗಡಿಯಾರ. ದುಬಾರಿಯದ್ದಲ್ಲ. ಸಣ್ಣ ಕಂಪನಿಯದ್ದು, ಹೆಸರು ಬೇಡ ಬಿಡಿ, ಜಗಳ ಮಾಡೋಕೆ ಬಂದಿಲ್ಲ. ಬಿಳಿ ಡಯಲ್, ಅದರಲ್ಲಿ ಎರಡು ಕಪ್ಪು ಪುಟ್ಟ ಡಯಲ್, ಪಾಂಡಾ ಅನ್ನುತ್ತಾರಲ್ಲ ಅದೇ. ಕೇಸು 40 ಮಿ.ಮೀ. ಒಳಗಿರುವುದು ಸೀಕೋದವರ ವಿಕೆ64 ಮಷೀನು. ಸಫೈರ್ ಗಾಜು ಅಂತ ಹೇಳಿ ಕೊಟ್ಟಿದ್ದಾರೆ. ಹಿಂಬದಿಯಲ್ಲಿ 50 ಮೀಟರ್ ಅಂತ ಕೊರೆದಿದೆ.

ಮೊದಲು ಒಳ್ಳೆಯ ಮಾತು. ಮೇಲಿನ ಬಟನ್ ಒತ್ತಿದರೆ ಉದ್ದ ಮುಳ್ಳು ಸೆಕೆಂಡಿಗೆ ಐದು ಹೆಜ್ಜೆ ಇಡುತ್ತಾ ಹೊರಡುತ್ತದೆ. ಮಾಮೂಲಿ ಸೆಲ್ ವಾಚಿನ ಹಾಗೆ ಸೆಕೆಂಡಿಗೊಮ್ಮೆ ಕುಕ್ಕುವುದಿಲ್ಲ. ಇನ್ನೊಮ್ಮೆ ಒತ್ತಿದರೆ ನಿಲ್ಲುತ್ತದೆ. ಕೆಳಗಿನ ಬಟನ್ ಒತ್ತಿದರೆ ಟಕ್ ಅಂತ ಒಂದೇ ನೆಗೆತಕ್ಕೆ ವಾಪಸ್ 12ಕ್ಕೆ. ಈ ಟಕ್ ಇದೆಯಲ್ಲ, ಅದಕ್ಕಾಗಿಯೇ ನಾನು ಈ ವಾಚು ತಗೊಂಡಿದ್ದು ಅಂದರೂ ತಪ್ಪಿಲ್ಲ. ಮೀಟಿಂಗ್‌ನಲ್ಲಿ ಕೂತಾಗ ಮೇಜಿನ ಕೆಳಗೆ ಎಷ್ಟು ಸಲ ಒತ್ತಿದ್ದೇನೋ ಲೆಕ್ಕವಿಲ್ಲ.

ಈಗ ತೊಂದರೆ. ಹೋದ ವಾರ ಗಮನಿಸಿದೆ. ಸೊನ್ನೆಗೆ ಬಂದಾಗ ಮುಳ್ಳು 12ರ ಗೆರೆಯ ಮೇಲೆ ನಿಲ್ಲುತ್ತಿಲ್ಲ. ಸ್ವಲ್ಪ ಬಲಕ್ಕೆ. ಅರ್ಧ ಸೆಕೆಂಡಿನಷ್ಟು ಇರಬಹುದು. ಮೊದಲಿಂದಲೂ ಹೀಗೇ ಇತ್ತಾ, ಆಮೇಲೆ ಆಯ್ತಾ ಅಂತ ಹೇಳೋಕಾಗುವುದಿಲ್ಲ. ಆದರೆ ಒಮ್ಮೆ ಕಣ್ಣಿಗೆ ಬಿದ್ದ ಮೇಲೆ ಬೇರೇನೂ ಕಾಣುತ್ತಿಲ್ಲ.

ಎರಡನೇ ಅನುಮಾನ: ಬಲಗಡೆಯ ಪುಟ್ಟ ಡಯಲ್ ಕ್ರೋನೋಗ್ರಾಫ್ ಓಡಿಸಿದರೂ ಅಲ್ಲಾಡುವುದೇ ಇಲ್ಲ. ಎಡಗಡೆಯದ್ದು ನಿಮಿಷ ಎಣಿಸುತ್ತದೆ. ಬಲಗಡೆಯದ್ದು ಗಂಟೆ ಎಣಿಸಬೇಕು ಅಲ್ವಾ?

ಗ್ಯಾರಂಟಿ ಇನ್ನೂ ಇದೆ. ವಾಪಸ್ ಕಳಿಸಬೇಕಾ? ತಿಳಿದವರು ಹೇಳಿ.

ಹಳೇಮಷೀನು:

ಎರಡನೆಯದು ಮೊದಲು, ಯಾಕೆಂದರೆ ಅದು ಸುಲಭ. ಬಲಗಡೆಯದ್ದು ಕೆಟ್ಟಿಲ್ಲ. ಅದು ಗಂಟೆ ಎಣಿಸುವ ಡಯಲ್ಲೇ ಅಲ್ಲ. ಸುತ್ತ 24ರವರೆಗೆ ಅಂಕಿ ಇದೆಯಾ ನೋಡಿ. ಗಂಟೆ ಮುಳ್ಳು ದಿನಕ್ಕೆ ಎರಡು ಸುತ್ತು ಹಾಕಿದರೆ ಅದು ಒಂದು ಸುತ್ತು ಹಾಕುತ್ತದೆ. ಅಷ್ಟೇ ಅದರ ಕೆಲಸ. ಬೆಳಗ್ಗೆ 7ಕ್ಕೂ ಸಂಜೆ 7ಕ್ಕೂ ವ್ಯತ್ಯಾಸ ತೋರಿಸುತ್ತದೆ. ಮನೆಯ ಕಿಟಕಿಯೂ ಅದನ್ನು ತೋರಿಸುತ್ತದೆ ಅನ್ನುವುದು ಬೇರೆ ಮಾತು. ನಿಮ್ಮ ವಾಚಿನಲ್ಲಿ ಎಣಿಕೆ 60 ನಿಮಿಷಕ್ಕೆ ಮುಗಿಯುತ್ತದೆ. ಆಮೇಲೆ ಮತ್ತೆ ಮೊದಲಿಂದ.

ಇನ್ನು ಮುಳ್ಳಿನ ವಿಷಯ. ವಿಕೆ ಸರಣಿಯಲ್ಲಿ ಸಮಯ ನಡೆಸುವುದು ಕ್ವಾರ್ಟ್ಜ್. ಹರಳು ಸೆಕೆಂಡಿಗೆ 32,768 ಸಲ ಕಂಪಿಸುತ್ತದೆ, ಎಲ್ಲ ಸೆಲ್ ವಾಚಿನ ಹಾಗೆ. ಆದರೆ ಮುಳ್ಳನ್ನು ಸೊನ್ನೆಗೆ ತರುವುದು ಕರೆಂಟಲ್ಲ, ಕಬ್ಬಿಣದ ಕೆಲಸ. ಮುಳ್ಳಿನ ಕಂಬಿಗೆ ಹೃದಯದ ಆಕಾರದ ಒಂದು ಪುಟ್ಟ ಬಿಲ್ಲೆ ಇರುತ್ತದೆ. ನೀವು ಕೆಳಗಿನ ಬಟನ್ ಒತ್ತಿದಾಗ ಒಂದು ಸುತ್ತಿಗೆ ಬಂದು ಅದರ ಮೇಲೆ ಬೀಳುತ್ತದೆ. ಬಿಲ್ಲೆ ಎಲ್ಲೇ ಇರಲಿ, ಜಾರಿಕೊಂಡು ತನ್ನ ತಗ್ಗಿಗೆ ಬಂದು ನಿಲ್ಲುತ್ತದೆ. ಹಳೇ ಕೀಲಿ ಕೊಡುವ ಕ್ರೋನೋಗ್ರಾಫ್‌ಗಳಲ್ಲೂ ಇದೇ ಉಪಾಯ. ಅಡಾಲ್ಫ್ ನಿಕೋಲ್ ಅನ್ನುವವರು 1844ರಲ್ಲೇ ಇದಕ್ಕೆ ಪೇಟೆಂಟ್ ಪಡೆದಿದ್ದರು. ನಿಮಗೆ ಇಷ್ಟವಾದ ಆ ಟಕ್ ಇದೆಯಲ್ಲ, ಅದು ಸುತ್ತಿಗೆಯ ಸದ್ದು.

ಹಾಗಾಗಿ ಒಂದು ಪರೀಕ್ಷೆ ಮಾಡಿ. ಬೇರೆ ಬೇರೆ ಜಾಗದಲ್ಲಿ ಮುಳ್ಳು ನಿಲ್ಲಿಸಿ, ಇಪ್ಪತ್ತು ಸಲ ಸೊನ್ನೆಗೆ ತನ್ನಿ. ಪ್ರತಿ ಸಲ ಎಲ್ಲಿ ನಿಂತಿತು ಬರೆದಿಡಿ. ಇಪ್ಪತ್ತೂ ಸಲ ಒಂದೇ ಜಾಗಕ್ಕೆ ಬಂದರೆ ಮಷೀನು ಸರಿ ಇದೆ, ಜೋಡಿಸುವಾಗ ಮುಳ್ಳನ್ನು ಒಂದು ಕೂದಲಷ್ಟು ವಾರೆ ಕೂರಿಸಿದ್ದಾರೆ ಅಂತ ಅರ್ಥ. ಒಂದೊಂದು ಸಲ ಒಂದೊಂದು ಕಡೆ ನಿಂತರೆ ಮುಳ್ಳು ಕಂಬಿಯ ಮೇಲೆ ಸಡಿಲವಾಗಿರಬಹುದು. ಅದು ದಿನ ಕಳೆದಂತೆ ಜಾಸ್ತಿ ಆಗುತ್ತದೆ, ತಡಮಾಡದೆ ಕಳಿಸಿ.

ಸೀಕೋದವರು ಮಷೀನು ಕೊಡುತ್ತಾರೆ. ಡಯಲ್ ಹಾಕಿ ಮುಳ್ಳು ಕೂರಿಸುವುದು ವಾಚು ಮಾಡುವವರ ಕೆಲಸ. ಮಷೀನಿನ ಹೆಸರು ನೋಡಿ ವಾಚು ಕೊಳ್ಳುವವರು ಇದನ್ನು ಮರೆಯುತ್ತಾರೆ.

ಹೊಸಬ_ನಾನು:

ನನ್ನದೂ ವಿಕೆ64. ಮನೆಗೆ ಬಂದ ದಿನ ಪೆಟ್ಟಿಗೆ ತೆಗೆದು ನೋಡಿದರೆ ಸೆಕೆಂಡಿನ ಮುಳ್ಳು 12ರಲ್ಲಿ ನಿಂತಿದೆ. ಸತ್ತ ವಾಚು ಕಳಿಸಿದ್ದಾರೆ ಅಂತ ಅಂಗಡಿಯವರಿಗೆ ಉದ್ದ ಪತ್ರ ಬರೆದೆ. ಪತ್ರ ಬರೆದು ಮುಗಿಸುವಷ್ಟರಲ್ಲಿ ನಿಮಿಷದ ಮುಳ್ಳು ಐದು ನಿಮಿಷ ಮುಂದೆ ಹೋಗಿತ್ತು.

ರಾತ್ರಿಪಾಳಿ:

ಹೊಸಬರು ನಗಿಸಿದರು, ಆದರೆ ಅವರು ಹೇಳಿದ್ದೇ ಈ ಮಷೀನಿನ ದೊಡ್ಡ ಕೊರತೆ. ವಿಕೆ64ರಲ್ಲಿ ಸದಾ ಓಡುವ ಸೆಕೆಂಡಿನ ಮುಳ್ಳು ಇಲ್ಲ. ನಾನು ನರ್ಸ್. ವಾಚು ಬೇಕಾಗುವುದೇ ನಾಡಿ ಎಣಿಸೋಕೆ. ಒಂದು ಕೈಯಲ್ಲಿ ರೋಗಿಯ ಮಣಿಕಟ್ಟು ಹಿಡಿದಿರುತ್ತೇನೆ, ಇನ್ನೊಂದು ಕೈಗೆ ನನ್ನ ವಾಚು ಕಟ್ಟಿದೆ. ಬಟನ್ ಒತ್ತೋಕೆ ಮೂರನೇ ಕೈ ಎಲ್ಲಿಂದ ತರಲಿ? ಅದಕ್ಕೇ ವಿಕೆ63 ಇರುವುದು ತಗೊಂಡೆ. ಅದರಲ್ಲಿ 6ರ ಹತ್ತಿರ ಮೂರನೇ ಪುಟ್ಟ ಡಯಲ್ ಇದೆ, ಸೆಕೆಂಡು ಅಲ್ಲಿ ಸದಾ ಓಡುತ್ತಿರುತ್ತದೆ. ಉಳಿದದ್ದೆಲ್ಲ ಒಂದೇ.

ಹೇಳಿದೆ ಅಂತ ಬೇಜಾರಾಗಬೇಡಿ ಅರೆಸೆಕೆಂಡು ಅವರೇ, ನೀವು ತಗೊಂಡ ಮಾದರಿ ನೋಡೋಕೆ ಚೆಂದ. ಎರಡು ಕಣ್ಣಿನ ಡಯಲ್ ಯಾವಾಗಲೂ ಚೆಂದವೇ. ಆದರೆ ನನ್ನಂಥವರಿಗೆ ಆಗುವುದಿಲ್ಲ.

ಇನ್ನೊಂದು ಮಾತು, ಕತ್ತಲೆಯ ಬಗ್ಗೆ. ಫೋಟೋದಲ್ಲಿ ಕ್ರೋನೋಗ್ರಾಫ್ ಎಲ್ಲವೂ ಚೆನ್ನಾಗಿ ಕಾಣುತ್ತವೆ, ಯಾಕೆಂದರೆ ಫೋಟೋದಲ್ಲಿ ಬೆಳಕಿರುತ್ತದೆ. ವಾರ್ಡಿನಲ್ಲಿ ರಾತ್ರಿ ಮೂರು ಗಂಟೆಗೆ ಬೆಳ್ಳಿ ಬಣ್ಣದ ಡಯಲ್ ಮೇಲೆ ಬೆಳ್ಳಿ ಬಣ್ಣದ ಮುಳ್ಳು ಎಲ್ಲಿದೆ ಅಂತ ಹುಡುಕಬೇಕು. ಕೊಳ್ಳುವ ಮುಂಚೆ ವಾಚನ್ನು ಕಿಟಕಿಯಿಂದ ದೂರ ಹಿಡಿದು, ಅರ್ಧ ಕ್ಷಣ ನೋಡಿ, ಗಂಟೆ ಎಷ್ಟು ಅಂತ ಹೇಳಿ. ಹೇಳೋಕಾಗದಿದ್ದರೆ ವಾಪಸ್ ಇಟ್ಟುಬಿಡಿ. ಗಾಜು, ಮಷೀನು, ಬೆಲ್ಟು ಎಲ್ಲ ಆಮೇಲಿನ ಮಾತು.

ಹೊಸಬ_ನಾನು:

ಕೆಲವು ವಾಚಿನ ಅಂಚಿನಲ್ಲಿ ನಾಡಿಗೆ ಅಂತಲೇ ಅಂಕಿ ಇರುತ್ತದಂತೆ? ಅದು ಉಪಯೋಗಕ್ಕೆ ಬರುತ್ತದಾ ಅಕ್ಕ?

ರಾತ್ರಿಪಾಳಿ:

ಬರುತ್ತದೆ, ಆದರೆ ಮೊದಲು ಅದರಲ್ಲಿ ಎಷ್ಟು ಬಡಿತ ಅಂತ ಬರೆದಿದೆ ನೋಡಿ. 15 ಇರಬಹುದು, 30 ಇರಬಹುದು. 30 ಅಂತ ಇದ್ದರೆ, ಕ್ರೋನೋಗ್ರಾಫ್ ಶುರು ಮಾಡಿ, 30 ಬಡಿತ ಎಣಿಸಿ, ನಿಲ್ಲಿಸಿ. 24 ಸೆಕೆಂಡ್ ಆಗಿದ್ದರೆ ಮುಳ್ಳು 75ರ ಮೇಲೆ ಇರುತ್ತದೆ. ನಿಮಿಷಕ್ಕೆ 75. ಗುಣಾಕಾರ ಬೇಕಿಲ್ಲ. ಆದರೆ ಬಡಿತ ಏರುಪೇರಾಗಿದ್ದರೆ ಇದನ್ನು ನಂಬಬೇಡಿ. ಅಂಥವರಿಗೆ ಪೂರ್ತಿ ಒಂದು ನಿಮಿಷ ಎಣಿಸಲೇಬೇಕು.

ಕೀಲಿಪ್ರಿಯ:

ಸೆಲ್ ವಾಚಿಗೆ ಇಷ್ಟು ಚರ್ಚೆಯಾ ಗೆಳೆಯರೇ! ಸ್ವಲ್ಪ ಜಾಸ್ತಿ ಉಳಿಸಿ, ನಿಜವಾದ ಕೀಲಿ ಕೊಡುವ ಕ್ರೋನೋಗ್ರಾಫ್ ತಗೊಳ್ಳಿ. ಚೀನಾದ ಸೀಗಲ್ ಕಂಪನಿಯವರ ಎಸ್‌ಟಿ19 ಮಷೀನು ಇರುವ ವಾಚುಗಳು ಬೆಲೆಯಲ್ಲಿ ಈ ಗುಂಪಿಗೆ ತೀರಾ ದೂರವೇನಲ್ಲ.

ಅದರ ಕಥೆಯೇ ಒಂದು ಮಜಾ. ಸ್ವಿಟ್ಜರ್ಲೆಂಡಿನಲ್ಲಿ ವೀನಸ್ 175 ಅಂತ ಒಂದು ಮಷೀನು ಇತ್ತು. ಅದನ್ನು ತಯಾರಿಸುವ ಉಪಕರಣಗಳನ್ನು ಚೀನಾದವರು ಕೊಂಡುಕೊಂಡರು. ವಾಯುಪಡೆಯ ಪೈಲಟ್‌ಗಳಿಗೆ ವಾಚು ಬೇಕು ಅಂತ 1961ರಲ್ಲಿ ತಿಯಾಂಜಿನ್ ಕಾರ್ಖಾನೆಯಲ್ಲಿ ಕೆಲಸ ಶುರುವಾಯಿತು. ಇವತ್ತು 1963 ಅಂತ ಹೆಸರು ಹಚ್ಚಿಕೊಂಡು ಬರುವ ವಾಚುಗಳೆಲ್ಲ ಆ ಕಾಲದ ನೆನಪಿನವು.

ಹಿಂಬದಿಗೆ ಗಾಜಿರುವುದು ತಗೊಂಡರೆ ಒಳಗಿನ ಆಟ ಕಾಣುತ್ತದೆ. ಕೋಟೆಯ ಬುರುಜಿನ ಹಾಗೆ ಹಲ್ಲು ಎದ್ದಿರುವ ಒಂದು ಚಕ್ರ ಇದೆ, ಕಾಲಮ್ ವೀಲ್ ಅನ್ನುತ್ತಾರೆ. ಬಟನ್ ಒತ್ತಿದಾಗ ಅದು ಒಂದು ಹೆಜ್ಜೆ ತಿರುಗುತ್ತದೆ. ಒಂದು ಸನ್ನೆ ಬಂದು ಅದರ ಸಂದಿಗೆ ಬೀಳುತ್ತದೆ, ಪಕ್ಕದಲ್ಲಿದ್ದ ಹಲ್ಲುಚಕ್ರ ಸರಿದು ಬಂದು ಇನ್ನೊಂದಕ್ಕೆ ಕಚ್ಚಿಕೊಳ್ಳುತ್ತದೆ, ಮುಳ್ಳು ಹೊರಡುತ್ತದೆ. ಮೊದಲ ದಿನ ವಾಚನ್ನು ಕಟ್ಟಿಕೊಂಡೇ ಇರಲಿಲ್ಲ ನಾನು. ಬೋರಲು ಹಾಕಿ ನೋಡುತ್ತಾ ಕೂತಿದ್ದೆ.

ಹಳೇಮಷೀನು:

ಕಥೆ ಚೆನ್ನಾಗಿದೆ, ಬಾಕಿ ಅರ್ಧ ನಾನು ಹೇಳಲಾ? ದಿನಾ ಕೀಲಿ ಕೊಡಬೇಕು. ಶುರು ಮಾಡಿದಾಗ ಕೆಲವು ಸಲ ಮುಳ್ಳು ಒಂದು ಸಣ್ಣ ನೆಗೆತ ನೆಗೆಯುತ್ತದೆ, ಯಾಕೆಂದರೆ ಹಲ್ಲಿಗೆ ಹಲ್ಲು ಎಲ್ಲಿ ಸಿಗುತ್ತದೋ ಅಲ್ಲಿ ಕಚ್ಚಿಕೊಳ್ಳಬೇಕು. ನಿಮಿಷದ ಎಣಿಕೆ ಬರೀ 30ರವರೆಗೆ. ಸೆಲ್ ವಾಚು ತಿಂಗಳಿಗೆ ತಪ್ಪುವಷ್ಟನ್ನು ಇದು ಎರಡು ಮೂರು ದಿನಕ್ಕೇ ತಪ್ಪಬಹುದು. ಕೆಟ್ಟರೆ, ಕ್ರೋನೋಗ್ರಾಫ್ ಬಿಚ್ಚಿ ಜೋಡಿಸುವಷ್ಟು ಕೈ ಪಳಗಿದವರು ಎಲ್ಲ ಕಡೆ ಸಿಗುವುದಿಲ್ಲ. ಸಿಕ್ಕರೂ ಆ ಸರ್ವಿಸಿನ ದುಡ್ಡು ವಾಚಿನ ಬೆಲೆಯ ಹತ್ತಿರ ಹೋಗುತ್ತದೆ.

ನಾನು ಕೀಲಿ ವಾಚಿನ ವಿರೋಧಿ ಅಲ್ಲ. ನನ್ನ ಹೆಸರೇ ನೋಡಿ. ಆದರೆ ಮೊದಲ ಕ್ರೋನೋಗ್ರಾಫ್ ತಗೊಳ್ಳುವವರಿಗೆ, ಇರುವುದೊಂದೇ ವಾಚು ಅನ್ನುವವರಿಗೆ, ಇದನ್ನು ಹೇಳಬೇಡಿ.

ಕೀಲಿಪ್ರಿಯ:

ಒಪ್ಪಿದೆ, ಆದರೆ ಪೂರ್ತಿ ಅಲ್ಲ. ನೀವು ಹೇಳಿದ ಸೆಲ್ ವಾಚೂ ಸೆಲ್ ಹಾಕಿಸೋಕೆ ಹೋದಾಗ ಹಾಳಾಗುತ್ತದೆ.

ಓಟದಹುಚ್ಚು:

ನಾನು ಬೇರೆ ಕಡೆಯಿಂದ ಬರುತ್ತೇನೆ. ಈ ವಾಚುಗಳಿಂದ ಏನು ಅಳೆಯುತ್ತೀರಿ ಅಂತ ಯಾರೂ ಹೇಳಲೇ ಇಲ್ಲ, ಅಕ್ಕ ಒಬ್ಬರನ್ನು ಬಿಟ್ಟು.

ಕ್ರೋನೋಗ್ರಾಫ್ ಕಟ್ಟಿಕೊಂಡು ಓಡಿ ನೋಡಿದ್ದೇನೆ. ಬೆವರು ಬೆರಳಿಗೆ ಬಟನ್ ಜಾರುತ್ತದೆ. ಓಡುತ್ತಾ ಓಡುತ್ತಾ ಆ ಪುಟ್ಟ ಡಯಲಿನಲ್ಲಿ 17 ನಿಮಿಷವೋ 18 ನಿಮಿಷವೋ ಗೊತ್ತಾಗುವುದಿಲ್ಲ. ಒಂದೊಂದು ಸುತ್ತನ್ನು ಬೇರೆ ಬೇರೆ ಹಿಡಿದಿಡೋಕೆ ಆಗುವುದಿಲ್ಲ. ಅಂಕಿ ತೋರಿಸುವ ಒಂದು ಸಾದಾ ಕ್ಯಾಸಿಯೋ ಇದನ್ನೆಲ್ಲ ಸೆಕೆಂಡಿನ ನೂರನೇ ಒಂದು ಭಾಗದ ಲೆಕ್ಕದಲ್ಲಿ ಮಾಡುತ್ತದೆ.

ಇನ್ನು ಅಂಚಿನಲ್ಲಿ ವೇಗ ಅಳೆಯೋಕೆ ಟ್ಯಾಕಿಮೀಟರ್ ಅಂತ 500, 400, 300 ಅಂತ ಅಂಕಿ ಇರುತ್ತದಲ್ಲ. ಲೆಕ್ಕ ಸುಲಭ, 3600ನ್ನು ಸೆಕೆಂಡಿನಿಂದ ಭಾಗಿಸುವುದು. ಒಂದು ಕಿಲೋಮೀಟರ್ ದಾಟೋಕೆ 45 ಸೆಕೆಂಡ್ ಆದರೆ ಮುಳ್ಳು 80 ತೋರಿಸುತ್ತದೆ, ಗಂಟೆಗೆ 80 ಕಿ.ಮೀ. 36 ಸೆಕೆಂಡ್ ಆದರೆ 100. ಒಂದು ನಿಮಿಷಕ್ಕಿಂತ ಜಾಸ್ತಿ ಆದರೆ ಪಟ್ಟಿ ಅಲ್ಲಿಗೆ ಮುಗಿಯಿತು. ಅಂದರೆ ಗಂಟೆಗೆ 60ಕ್ಕಿಂತ ನಿಧಾನ ಹೋಗುವ ಯಾವುದಕ್ಕೂ ಇದು ಆಗುವುದಿಲ್ಲ. ನನ್ನ ಓಟಕ್ಕಂತೂ ಜನ್ಮದಲ್ಲಿ ಆಗುವುದಿಲ್ಲ.

ಹಾಗಿದ್ದರೂ ನನ್ನ ಹತ್ತಿರ ಒಂದು ಕ್ರೋನೋಗ್ರಾಫ್ ಇದೆ. ಓಟ ಮುಗಿದ ಮೇಲೆ ಕಟ್ಟಿಕೊಳ್ಳುತ್ತೇನೆ.

ಕೀಲಿಪ್ರಿಯ:

ಏನು ಅಳೆಯುತ್ತೀರಿ ಅಂತ ಕೇಳಿದಿರಲ್ಲ. 1970ರಲ್ಲಿ ಅಪೋಲೋ 13 ಗಗನನೌಕೆ ಭೂಮಿಗೆ ವಾಪಸ್ ಬರುವಾಗ, ದಾರಿ ಸರಿಪಡಿಸೋಕೆ ಎಂಜಿನ್ನನ್ನು 14 ಸೆಕೆಂಡ್ ಉರಿಸಬೇಕಿತ್ತು. ಆ 14 ಸೆಕೆಂಡನ್ನು ಗಗನಯಾತ್ರಿ ಜಾಕ್ ಸ್ವೈಗರ್ಟ್ ಕೈಯಲ್ಲಿದ್ದ ಒಮೆಗಾ ಸ್ಪೀಡ್‌ಮಾಸ್ಟರ್ ನೋಡಿ ಲೆಕ್ಕ ಇಟ್ಟರು. ಕೀಲಿ ಕೊಡುವ ವಾಚು ಅದು, ಸುಮ್ನೆ ಹೇಳಿದೆ.

ಓಟದಹುಚ್ಚು:

ನನಗೆ ಆಫೀಸಿನಿಂದ ಮನೆಗೆ ವಾಪಸ್ ಬಂದರೆ ಸಾಕು ಗುರುವೇ.

ಅರೆಸೆಕೆಂಡು:

ಪರೀಕ್ಷೆ ಮಾಡಿದೆ. ನಿನ್ನೆ ರಾತ್ರಿ ಊಟ ಆದ ಮೇಲೆ ಮೇಜಿನ ಮೇಲೆ ಹಾಳೆ ಹಾಕಿಕೊಂಡು ಕೂತೆ. 5, 10, 15 ಹೀಗೆ ಬೇರೆ ಬೇರೆ ಜಾಗದಲ್ಲಿ ನಿಲ್ಲಿಸಿ ಇಪ್ಪತ್ತು ಸಲ ಸೊನ್ನೆಗೆ ತಂದೆ. ಇಪ್ಪತ್ತೂ ಸಲ ಅದೇ ಜಾಗ. ಸ್ವಲ್ಪ ಬಲಕ್ಕೆ. ಒಂದು ಸಲವೂ ಬೇರೆ ಕಡೆ ನಿಲ್ಲಲಿಲ್ಲ. ಮೊಂಡುತನ ಅಂದರೆ ಇದು.

ನಿಮಿಷದ ಪುಟ್ಟ ಮುಳ್ಳು ಸೊನ್ನೆಗೆ ನೇರ ಬರುತ್ತದೆ. ಸಮಯ ಎಷ್ಟು ತಪ್ಪುತ್ತದೆ ಅಂತಲೂ ನೋಡಬೇಕು ಅಂದುಕೊಂಡೆ, ಆದರೆ ಓಡುವ ಸೆಕೆಂಡಿನ ಮುಳ್ಳೇ ಇಲ್ಲವಲ್ಲ, ಹೇಗೆ ನೋಡೋದು? ತಿಂಗಳ ಹಿಂದೆ ಫೋನು ನೋಡಿ ಹೊಂದಿಸಿದ್ದೆ. ಈಗ ನಿಮಿಷದ ಮುಳ್ಳು ಗೆರೆ ದಾಟುವ ಹೊತ್ತನ್ನು ಫೋನಿನ ಜೊತೆ ನೋಡಿದರೆ ಹತ್ತು ಸೆಕೆಂಡಿನಷ್ಟು ಮುಂದಿರುವ ಹಾಗಿದೆ. ಅಂದಾಜು ಅಷ್ಟೇ. ತಿಂಗಳಿಗೆ 20 ಸೆಕೆಂಡ್ ಹಿಂದೆ ಮುಂದೆ ಆಗಬಹುದು ಅಂತ ಮಷೀನಿನ ವಿವರದಲ್ಲೇ ಇದೆ, ಹಾಗಾಗಿ ದೂರು ಇಲ್ಲ.

ಮುಳ್ಳು ಕೂರಿಸಿದವರದ್ದೇ ತಪ್ಪು ಅಂತಾಯ್ತು. ಆದರೂ ಅರ್ಧ ಸೆಕೆಂಡ್ ಅಂದರೆ ಜಾಸ್ತಿ ಅಲ್ವಾ?

ಹಳೇಮಷೀನು:

ಅರ್ಧ ಸೆಕೆಂಡ್ ಅಂತ ಹೇಗೆ ಅಳೆದಿರಿ? ಕಣ್ಣಂದಾಜಾ?

ವಾಚು ಮೇಜಿನ ಮೇಲೆ ಇಡಿ. ಒಂದು ಕಣ್ಣು ಮುಚ್ಚಿ, ಸರಿಯಾಗಿ ಮೇಲಿಂದ ನೋಡಿ. ಅಥವಾ ಫೋನನ್ನು ನೆಟ್ಟಗೆ ಮೇಲೆ ಹಿಡಿದು ಫೋಟೋ ತೆಗೆದು ದೊಡ್ಡದು ಮಾಡಿ. ಕ್ರೋನೋಗ್ರಾಫಿನ ಮುಳ್ಳು ಎಲ್ಲಕ್ಕಿಂತ ಮೇಲಿರುತ್ತದೆ. ಗಂಟೆ ಮುಳ್ಳು, ಅದರ ಮೇಲೆ ನಿಮಿಷದ್ದು, ಅದರ ಮೇಲೆ ಇದು. ಡಯಲಿಗೂ ಅದಕ್ಕೂ ನಡುವೆ ಬೇಕಾದಷ್ಟು ಜಾಗ ಇದೆ. ಎಡಗೈಗೆ ಕಟ್ಟಿಕೊಂಡು ಮಾಮೂಲಿ ನೋಡುವಾಗ ನಾವು ಯಾವಾಗಲೂ ಓರೆಯಿಂದಲೇ ನೋಡುತ್ತೇವೆ. ಮುಳ್ಳು ಸರಿಯಾಗಿದ್ದರೂ ಸರಿದ ಹಾಗೆ ಕಾಣುತ್ತದೆ.

ಅರೆಸೆಕೆಂಡು:

ಅಯ್ಯೋ. ಫೋಟೋ ತೆಗೆದೆ. ಅರ್ಧಕ್ಕರ್ಧ ಹೋಯಿತು!

ನೇರ ಮೇಲಿಂದ ನೋಡಿದರೆ ಮುಳ್ಳಿನ ಎಡ ಅಂಚು ಗೆರೆಯ ಮೇಲೇ ಇದೆ. ಬಲ ಅಂಚು ಮಾತ್ರ ಹೊರಗೆ. ಸೆಕೆಂಡಿನ ಗೆರೆಗಳ ನಡುವೆ ಐದು ಭಾಗ ಮಾಡಿದ್ದಾರೆ, ಅದರಲ್ಲಿ ಒಂದು ಭಾಗದಷ್ಟು ಸರಿದಿದೆ ಅನ್ನಬಹುದು.

ಓಟದಹುಚ್ಚು:

ಅಂದರೆ 0.2 ಸೆಕೆಂಡ್. ನಿಮ್ಮ ವಾಚು ಇಡುವ ಒಂದು ಹೆಜ್ಜೆ. ಅದಕ್ಕಿಂತ ಸಣ್ಣದನ್ನು ಅದು ಹೇಗೂ ಅಳೆಯುವುದಿಲ್ಲ.

ಇನ್ನೂ ಒಂದು ಮಾತು. ಕಣ್ಣಿಗೆ ಕಂಡದ್ದಕ್ಕೆ ಬೆರಳು ಒತ್ತುವಷ್ಟರಲ್ಲಿ ಯಾರಿಗಾದರೂ ಸುಮಾರು ಅಷ್ಟೇ ಹೊತ್ತು ಹಿಡಿಯುತ್ತದೆ. ಮೈದಾನದಲ್ಲಿ ಕೈಯಿಂದ ಒತ್ತಿದ ಸಮಯಕ್ಕೂ ಮಷೀನಿನ ಸಮಯಕ್ಕೂ ಹೊಂದಿಕೆ ಆಗದಿರುವುದು ಇದಕ್ಕೇ. ನಿಮ್ಮ ಹೆಬ್ಬೆರಳಿನ ತಪ್ಪು ಮುಳ್ಳಿನ ತಪ್ಪಿಗಿಂತ ಕಡಿಮೆ ಏನಿಲ್ಲ.

ರಾತ್ರಿಪಾಳಿ:

ಲೆಕ್ಕ ಸರಿ. ಆದರೆ ಅವರು ವಾಚು ತಗೊಂಡಿದ್ದು ಅಳೆಯೋಕಲ್ಲ, ನೋಡೋಕೆ. ಮೊದಲ ಪೋಸ್ಟಿನಲ್ಲಿ ಅವರೇ ಹೇಳಿದ್ದಾರೆ, ಟಕ್ ಅಂತ ಬರುವುದಕ್ಕಾಗಿ ತಗೊಂಡೆ ಅಂತ. ಟಕ್ ಅಂತ ಬಂದು ವಾರೆ ನಿಂತರೆ ಕಿರಿಕಿರಿ ಆಗುವುದಿಲ್ವಾ? ದಿನಕ್ಕೆ ನೂರು ಸಲ ನೋಡುವ ವಸ್ತು ಅದು.

ಅರೆಸೆಕೆಂಡು:

ಅಕ್ಕ, ನನ್ನ ಮನಸ್ಸಿನಲ್ಲಿ ಇದ್ದದ್ದನ್ನೇ ಬರೆದಿದ್ದೀರಿ.

ಹೊಸಬ_ನಾನು:

ನನ್ನ ತಮ್ಮನ ಹತ್ತಿರ ಬೇರೆ ಕಂಪನಿಯದ್ದಿದೆ, ಅದೂ ಸೆಲ್ಲಿನದ್ದೇ. ಅದರ ಮುಳ್ಳೂ ಸರಿದಿತ್ತು, ಬಟನ್ ಒತ್ತಿಯೇ ಸರಿ ಮಾಡಿಕೊಂಡ. ಅರೆಸೆಕೆಂಡು ಅವರದ್ದಕ್ಕೆ ಹಾಗೆ ಆಗುವುದಿಲ್ವಾ?

ಹಳೇಮಷೀನು:

ಆಗುವುದಿಲ್ಲ. ತಮ್ಮನದ್ದು ಬೇರೆ ಜಾತಿ. ಅದರಲ್ಲಿ ಕ್ರೋನೋಗ್ರಾಫಿನ ಮುಳ್ಳನ್ನು ಮೋಟಾರು ತಿರುಗಿಸುತ್ತದೆ. ಸೊನ್ನೆಗೆ ತರುವುದೂ ಮೋಟಾರೇ. ರೀಸೆಟ್ ಒತ್ತಿದರೆ ಮುಳ್ಳು ಗರಗರ ಸುತ್ತಿಕೊಂಡು ಬಂದು ನಿಲ್ಲುತ್ತದೆ, ನೆಗೆಯುವುದಿಲ್ಲ. ಅಂಥವುಗಳಲ್ಲಿ ಸಾಮಾನ್ಯವಾಗಿ ಕ್ರೌನನ್ನು (ಸಮಯ ಹೊಂದಿಸುವ ತಿರುಪನ್ನು) ಹೊರಗೆ ಎಳೆದು ಬಟನ್ ಒತ್ತಿದರೆ ಮುಳ್ಳು ಒಂದೊಂದೇ ಹೆಜ್ಜೆ ಸರಿಯುತ್ತದೆ. ಗೆರೆಗೆ ತಂದು ಕ್ರೌನ್ ಒಳಗೆ ಒತ್ತಿದರೆ ಮುಗಿಯಿತು. ಸೆಲ್ ಬದಲಾಯಿಸಿದ ಮೇಲೆ ಮುಳ್ಳು ಎಲ್ಲೆಲ್ಲೋ ನಿಂತಿದೆ ಅಂತ ಗಾಬರಿ ಆಗುವವರು ಇದನ್ನು ನೆನಪಿಟ್ಟುಕೊಳ್ಳಿ.

ವಿಕೆಯಲ್ಲಿ ಹೃದಯದ ಬಿಲ್ಲೆ ಎಲ್ಲಿಗೆ ತಂದು ನಿಲ್ಲಿಸುತ್ತದೋ ಅದೇ ಸೊನ್ನೆ. ಸರಿ ಮಾಡಬೇಕಾದರೆ ವಾಚು ಬಿಚ್ಚಿ, ಮುಳ್ಳು ಕಿತ್ತು, ಮತ್ತೆ ಕೂರಿಸಬೇಕು. ಮುಳ್ಳಿನ ಬುಡದಲ್ಲಿ ಒಂದು ಸಣ್ಣ ಕೊಳವೆ ಇರುತ್ತದೆ, ಅದು ಕಂಬಿಯನ್ನು ಬಿಗಿಯಾಗಿ ಹಿಡಿದಿರಬೇಕು. ಕಿತ್ತು ಕೂರಿಸಿದಷ್ಟೂ ಅದು ಸಡಿಲ ಆಗುತ್ತದೆ. ಸಡಿಲ ಆದರೆ ಟಕ್ ಅಂತ ಬಡಿಯುವ ಹೊಡೆತಕ್ಕೇ ಜಾರೋಕೆ ಶುರುವಾಗುತ್ತದೆ. ಆಗ ನಿಜವಾದ ತೊಂದರೆ. ಈಗ ಇರುವುದು ತೊಂದರೆ ಅಲ್ಲ, ಬೇಜಾರು.

ಸಣ್ಣಮಣಿಕಟ್ಟು:

ನಡುವೆ ಬಂದೆ, ಕ್ಷಮಿಸಿ. 40 ಮಿ.ಮೀ. ಅಂದಿರಲ್ಲ, ಕೈಗೆ ಹೇಗೆ ಕೂರುತ್ತದೆ? ನಾನು ಎರಡು ಕ್ರೋನೋಗ್ರಾಫ್ ಬರೀ ಅಗಲದ ಅಂಕಿ ನೋಡಿ ತಗೊಂಡು ಎರಡನ್ನೂ ಮಾರಿಬಿಟ್ಟೆ. ಒಂದು 39 ಇತ್ತು, ಆದರೆ ಬೆಲ್ಟು ಸಿಕ್ಕಿಸುವ ಕೊಂಬುಗಳು ಮಣಿಕಟ್ಟಿನ ಎರಡೂ ಕಡೆ ಹೊರಗೆ ಚಾಚಿಕೊಂಡಿದ್ದವು. ಇನ್ನೊಂದು ದಪ್ಪ. ಅಂಗಿಯ ತೋಳಿನ ಗುಂಡಿ ಹಾಕೋಕೇ ಆಗುತ್ತಿರಲಿಲ್ಲ.

ಅರೆಸೆಕೆಂಡು:

ಸ್ಕೇಲು ಇಟ್ಟು ನೋಡಿದೆ. ಕೊಂಬಿನ ತುದಿಯಿಂದ ತುದಿಗೆ 47, ದಪ್ಪ 13ರ ಹತ್ತಿರ, ಅದರಲ್ಲಿ ಗಾಜಿನ ಉಬ್ಬೇ ಒಂದೂವರೆ ಇರಬಹುದು. ನೀವು ಹೇಳಿದ್ದು ಸರಿ, ಕೊಳ್ಳುವಾಗ ನಾನೂ 40 ಅನ್ನುವುದನ್ನು ಮಾತ್ರ ನೋಡಿದ್ದೆ. ಮಣಿಕಟ್ಟಿನ ಮೇಲಿನ ಚಪ್ಪಟೆ ಭಾಗವನ್ನು ಅಳೆದು, ಈ 47ರ ಜೊತೆ ಹೋಲಿಸಿ ನೋಡಿ. ಬರೀ ಸುತ್ತಳತೆ ಸಾಲದು.

ಈಜುಗಣ್ಣು:

50 ಮೀಟರ್ ಅಂತ ಬರೆದಿದೆ ಅಂದಿರಿ. ಅದನ್ನು ನಂಬಿ ನಾನು ಕೆಟ್ಟೆ. ನನ್ನದೂ 50 ಮೀಟರಿನದ್ದೇ ಇತ್ತು, ಬೇರೆ ಕಂಪನಿ. ಈಜುಕೊಳದಲ್ಲಿ ಒಂದು ಉದ್ದಕ್ಕೆ ಎಷ್ಟು ಹೊತ್ತು ಬೇಕು ಅಂತ ನೋಡೋಣ ಅಂತ, ನೀರೊಳಗೆ ಇದ್ದಾಗಲೇ ಬಟನ್ ಒತ್ತಿದೆ. ಸಂಜೆಗೆ ಗಾಜಿನ ಒಳಗೆ ಮಂಜು. ಮರುದಿನ 4ರ ಹತ್ತಿರ ಒಂದು ಹನಿ ನಿಂತಿತ್ತು, ಆರಾಮಾಗಿ.

ಅದಕ್ಕೂ ಮುಂಚೆ ಆರು ತಿಂಗಳ ಹಿಂದೆ ಸೆಲ್ ಹಾಕಿಸಿದ್ದೆ. ಹಾಕಿದವರು ಹಿಂಬದಿಯ ರಬ್ಬರ್ ಉಂಗುರ ಬದಲಾಯಿಸಿರಲಿಲ್ಲ ಅಂತ ಆಮೇಲೆ ಗೊತ್ತಾಯಿತು. ಹಾಗಾಗಿ ತಪ್ಪು ಬಟನ್ನಿನದ್ದಾ, ರಬ್ಬರಿನದ್ದಾ ಹೇಳೋಕಾಗುವುದಿಲ್ಲ. ಎರಡರದ್ದೂ ಇರಬಹುದು, ಮೂರನೆಯದು ನನ್ನದು.

ಹಳೇಮಷೀನು:

ಆ ಮೀಟರ್ ಅಂಕಿ ಆಳ ಹೇಳುವುದಲ್ಲ. ಅಷ್ಟು ಆಳದ ನೀರಿನ ಒತ್ತಡಕ್ಕೆ ಸಮನಾದ ಪರೀಕ್ಷೆಯಲ್ಲಿ ಹೊಸ ವಾಚು ಪಾಸಾಗಿದೆ ಅಂತ ಅಷ್ಟೇ. ಅದೂ ಅಲುಗದೆ, ಬಟನ್ ಮುಟ್ಟದೆ. 30 ಮೀಟರ್ ಅಂದರೆ ಕೈ ತೊಳೆಯುವಾಗ ಹನಿ ಸಿಡಿದರೆ ಪರವಾಗಿಲ್ಲ. ನೀರಿಗೆ ಇಳಿಯುವುದಾದರೆ 100 ಇರಲಿ. ಆಗಲೂ, ನೀರೊಳಗೆ ಒತ್ತಬಹುದು ಅಂತ ಕಂಪನಿಯವರೇ ಹೇಳದ ಹೊರತು ಬಟನ್ ಒತ್ತಬೇಡಿ. ಪ್ರತಿ ಬಟನ್ನೂ ಕೇಸಿನಲ್ಲಿ ಕೊರೆದ ಒಂದು ತೂತು. ಸಾದಾ ವಾಚಿಗೆ ಕ್ರೌನಿನದ್ದು ಒಂದು ತೂತು, ಕ್ರೋನೋಗ್ರಾಫಿಗೆ ಮೂರು.

ಕೀಲಿಪ್ರಿಯ:

ಸೆಲ್ ಹಾಕಿಸೋಕೆ ಹೋದಾಗ ಹಾಳಾಗುತ್ತದೆ ಅಂತ ನಾನು ಆಗಲೇ ಹೇಳಿದ್ದೆ.

ಹೊಸಬ_ನಾನು:

ಒಂದು ಕೊನೆಯ ಪ್ರಶ್ನೆ. ನನ್ನ ಸ್ನೇಹಿತ ಇನ್ನೂ ಅಗ್ಗದ್ದು ನೋಡುತ್ತಿದ್ದಾನೆ. ಫೋಟೋದಲ್ಲಿ ಮೂರು ಪುಟ್ಟ ಡಯಲ್, ಎರಡು ಬಟನ್ ಎಲ್ಲ ಇದೆ. ತಗೊಳ್ಳಬಹುದಾ?

ರಾತ್ರಿಪಾಳಿ:

ಪುಟ್ಟ ಡಯಲ್‌ಗಳಲ್ಲಿ ಏನು ಬರೆದಿದೆ ಓದೋಕೆ ಹೇಳಿ. ಒಂದರಲ್ಲಿ ವಾರ, ಒಂದರಲ್ಲಿ ತಾರೀಕು, ಒಂದರಲ್ಲಿ 24 ಗಂಟೆ ಇದ್ದರೆ ಅದು ಕ್ರೋನೋಗ್ರಾಫ್ ಅಲ್ಲ. ಅದರ ಬಟನ್ ಒತ್ತಿದರೆ ವಾರ, ತಾರೀಕು ಬದಲಾಗುತ್ತದೆ. ಅದು ಮೋಸ ಅಲ್ಲ, ಬೇರೆ ವಾಚು. ಮೋಸದ್ದು ಯಾವುದೆಂದರೆ ಡಯಲ್ ಮೇಲೆ ಮುಳ್ಳಿನ ಚಿತ್ರ ಅಚ್ಚು ಹಾಕಿ, ಬಟನ್ನಿನ ಜಾಗಕ್ಕೆ ಬರೀ ಲೋಹದ ತುಂಡು ಅಂಟಿಸಿರುತ್ತಾರಲ್ಲ, ಅದು. ನಮ್ಮ ಪರಿಚಯದವರೊಬ್ಬರು ಅಂಥದ್ದನ್ನು ಎರಡು ವರ್ಷ ಕಟ್ಟಿದ್ದರು. ಬಟನ್ ಗಟ್ಟಿ ಇದೆ, ತುಕ್ಕು ಹಿಡಿದಿರಬೇಕು ಅನ್ನುತ್ತಿದ್ದರು ಪಾಪ.

ಹಳೇಮಷೀನು:

ಓಡುತ್ತಿರುವ ವಿಡಿಯೋ ಕೇಳಿ. ಶುರು, ನಿಲ್ಲಿಸು, ಸೊನ್ನೆ, ಮೂರೂ ಕಾಣಬೇಕು. ಮೆಕಾಕ್ವಾರ್ಟ್ಜ್ (ವಿಕೆಯ ಹಾಗೆ ಸೆಲ್ಲಿನಲ್ಲಿ ಓಡಿ, ಸುತ್ತಿಗೆಯಿಂದ ಸೊನ್ನೆಗೆ ಬರುವುದು) ಅಂತ ಹೇಳಿ ಮಾರುತ್ತಿದ್ದರೆ ಮುಳ್ಳು ನೆಗೆಯಬೇಕು. ಸುತ್ತಿಕೊಂಡು ಬಂದರೆ ಅದಲ್ಲ.

ಅರೆಸೆಕೆಂಡು:

ಎಲ್ಲರಿಗೂ ತಡವಾಗಿ ಉತ್ತರ. ಮಾರಿದವರಿಗೆ ಫೋಟೋ ಕಳಿಸಿದ್ದೆ. ಮರ್ಯಾದೆಯಿಂದಲೇ ಉತ್ತರ ಬಂತು. ಬದಲಿ ವಾಚು ಕಳಿಸುತ್ತೇವೆ, ಆದರೆ ಅದು ಇದಕ್ಕಿಂತ ನೇರ ಇರುತ್ತದೆ ಅಂತ ಮಾತು ಕೊಡೋಕಾಗುವುದಿಲ್ಲ, ಒಂದು ಹೆಜ್ಜೆಯ ಸರಿದಾಟವನ್ನು ನಾವು ತಪ್ಪು ಅಂತ ಲೆಕ್ಕ ಹಾಕುವುದಿಲ್ಲ ಅಂದರು. ಮೊದಲು ಸಿಟ್ಟು ಬಂತು. ಆಮೇಲೆ ಹಳೇಮಷೀನು ಅವರು ಹೇಳಿದ್ದು ನೆನಪಾಯಿತು. ಇಪ್ಪತ್ತಕ್ಕೆ ಇಪ್ಪತ್ತು ಸಲ ಅದೇ ಜಾಗಕ್ಕೆ ಬರುವ ವಾಚು ಕೈಯಲ್ಲಿದೆ. ಬದಲಿಗೆ ಬರುವುದು ಎಡಕ್ಕೆ ಎರಡು ಹೆಜ್ಜೆ ಇದ್ದರೆ?

ಇಟ್ಟುಕೊಂಡೆ. ಬಿಚ್ಚಿಸುವುದೂ ಇಲ್ಲ. ಮೂರು ತಿಂಗಳಲ್ಲಿ ಗಾಜಿಗೆ ಒಂದು ಗೀರೂ ಬಿದ್ದಿಲ್ಲ, ಬಾಗಿಲ ಚೌಕಟ್ಟಿಗೆ ಎರಡು ಸಲ ತಾಗಿಸಿದ್ದೇನೆ. ಬಟನ್ನಿನ ಟಕ್ ಹಾಗೇ ಇದೆ. ಜೊತೆಗೆ ಬಂದ ಚರ್ಮದ ಬೆಲ್ಟು ಮಾತ್ರ ರಟ್ಟಿನ ಹಾಗಿತ್ತು, ಎರಡನೇ ವಾರಕ್ಕೇ ಬದಲಾಯಿಸಿದೆ. ಮತ್ತೆ ಕೊಳ್ಳುವ ಹಾಗಿದ್ದರೆ ವಿಕೆ63 ತಗೊಳ್ಳುತ್ತಿದ್ದೆ, ಅಕ್ಕನ ಮಾತು ಕೇಳಿ. ಓಡುವ ಸೆಕೆಂಡಿನ ಮುಳ್ಳು ಇಲ್ಲದಿರುವುದು, ವಾರೆ ಮುಳ್ಳಿಗಿಂತ ದೊಡ್ಡ ಕೊರತೆ ಅಂತ ಈಗ ಅನ್ನಿಸುತ್ತಿದೆ.

ಆದರೂ ಒಂದು ಒಪ್ಪಿಕೊಳ್ಳುತ್ತೇನೆ. ಈಗ ಸಮಯ ನೋಡುವಾಗ ಕೈಯನ್ನು ಸ್ವಲ್ಪ ಬಲಕ್ಕೆ ತಿರುಗಿಸಿ ನೋಡುವ ಅಭ್ಯಾಸ ಆಗಿದೆ. ಆ ಓರೆಯಲ್ಲಿ ಮುಳ್ಳು ನೇರ ಕಾಣುತ್ತದೆ.

ಸಣ್ಣಮಣಿಕಟ್ಟು:

ಇದನ್ನೆಲ್ಲ ಓದಿ ನನ್ನದನ್ನೂ ಮೇಜಿನ ಮೇಲಿಟ್ಟು ಒಂದು ಕಣ್ಣು ಮುಚ್ಚಿ ನೋಡಿದೆ. ನಾಲ್ಕು ವರ್ಷದಿಂದ ಕಟ್ಟುತ್ತಿದ್ದೇನೆ, ಏನೂ ಕಂಡಿರಲಿಲ್ಲ. ಎಡಕ್ಕೆ ಇದೆ. ನಿಮಗೆಲ್ಲ ಒಳ್ಳೆಯದಾಗಲಿ.